ಟ್ರೇ ಮಾದರಿಯ ಎರೆಹುಳು ತೊಟ್ಟಿ: ಬಹುಕಾಲ ಬಳಸಿದ ಮೇಲೆ, ಕಾಂಪೋಸ್ಟ್ ಗುಡ್ಡೆಯ ಪಕ್ಕದಲ್ಲಿಟ್ಟು ನೋಡಿದರೆ

ಒಂದರ ಮೇಲೊಂದು ಕೂರುವ ತೂತಿನ ಟ್ರೇಗಳು, ಅಡಿಯಲ್ಲಿ ನೀರು ಇಳಿಯುವ ತಟ್ಟೆ, ಅದಕ್ಕೊಂದು ನಲ್ಲಿ. ಪ್ಲಾಸ್ಟಿಕ್ ತೊಟ್ಟಿಗಳು ಹೆಚ್ಚುಕಡಿಮೆ ಎಲ್ಲವೂ ಇದೇ ಮಾದರಿ. ಅಡುಗೆಮನೆಯ ಸಿಪ್ಪೆಗೆ ಇದು ಸಾಕು. ತೋಟದ ಕಸವನ್ನೂ ಇದೇ ನುಂಗುತ್ತದೆ ಎಂದುಕೊಂಡು ಕೊಂಡರೆ ನಿರಾಸೆ ಖಚಿತ.

ಹುಳು ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿನ್ನುತ್ತದೆ ಎಂದು ಮಾರುವವರು ಹೇಳುವುದುಂಟು. ಹದ, ತಾಪ, ಗಾಳಿ ಎಲ್ಲ ಕೂಡಿಬಂದಾಗಿನ ಲೆಕ್ಕ ಅದು. ಅರ್ಧ ಕೆ.ಜಿ. ಹುಳು ಬಿಟ್ಟಿದ್ದರೆ ಮೊದಲ ತಿಂಗಳು ದಿನಕ್ಕೆ 100 ಗ್ರಾಂ ದಾಟಿಸಬೇಡಿ. ಹುಳು ತಿನ್ನುವುದು ಹಸಿ ಸಿಪ್ಪೆಯನ್ನಲ್ಲ, ಕೊಳೆತು ಮೆತ್ತಗಾದದ್ದನ್ನು, ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಗಳನ್ನು. ಹೆಚ್ಚು ಸುರಿದರೆ ಅದು ಹುಳಿಯುತ್ತದೆ, ಬಿಸಿಯಾಗುತ್ತದೆ, ಹುಳುಗಳು ಗೋಡೆ ಹತ್ತಿ ಮುಚ್ಚಳದಡಿ ಗುಂಪುಗಟ್ಟುತ್ತವೆ. ದಾರದಂಥ ಸಣ್ಣ ಬಿಳಿ ಹುಳುಗಳು ವಿಪರೀತವಾದರೂ ಸಾಮಾನ್ಯವಾಗಿ ಕಾರಣ ಇದೇ: ತೇವ ಮತ್ತು ಹುಳಿ. ಊಟ ನಿಲ್ಲಿಸಿ, ಹರಿದ ರಟ್ಟು ಬೆರೆಸಿ, ಮೊಟ್ಟೆಚಿಪ್ಪಿನ ನುಣ್ಣನೆಯ ಪುಡಿ ಒಂದು ಹಿಡಿ ಉದುರಿಸಿ.

ಹಾಸಿಗೆಗೆ ನೆನೆಸಿದ ರಟ್ಟು ಇಲ್ಲವೇ ತೆಂಗಿನ ನಾರಿನ ಪುಡಿ, 10ರಿಂದ 15 ಸೆಂ.ಮೀ. ದಪ್ಪ. ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆಯಾಗಿ ಇಳಿಯಬಾರದು. ಹೊಲದಿಂದ ಅಗೆದು ತಂದ ಹುಳು ಇಲ್ಲಿ ನಿಲ್ಲದು. ಅವುಗಳಲ್ಲಿ ಹೆಚ್ಚಿನವು ಮಣ್ಣು ಕೊರೆಯುವ ಜಾತಿಯವು. ತೊಟ್ಟಿಗೆ ಬೇಕಾದದ್ದು ಮೇಲ್ಪದರದ ಕೊಳೆಯಲ್ಲೇ ಬದುಕುವ ಐಸೀನಿಯಾ ಫೆಟಿಡಾದಂಥದ್ದು. ಅದಕ್ಕೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ, 35 ದಾಟಿದರೆ ಸಾವು. ಬಿಸಿಲಿಗಿಟ್ಟ ಪ್ಲಾಸ್ಟಿಕ್ ತೊಟ್ಟಿ ಒಂದೇ ಮಧ್ಯಾಹ್ನದಲ್ಲಿ ಖಾಲಿಯಾಗಬಹುದು.

ಈ ವಿನ್ಯಾಸದ ನಿಜವಾದ ದೋಷ ನಲ್ಲಿ. ಗೊಬ್ಬರದ ಕೆಸರು ಕಟ್ಟಿಕೊಂಡು ನೀರು ಒಳಗೇ ನಿಲ್ಲುತ್ತದೆ. ನಲ್ಲಿ ಸದಾ ತೆರೆದಿಟ್ಟು ಕೆಳಗೊಂದು ಪಾತ್ರೆ ಇಡುವುದೇ ಲೇಸು. ಹಾಗೆ ಬರುವ ದ್ರವವನ್ನು ಅಮೃತವೆಂಬಂತೆ ಮಾರುವುದೂ ಇದೆ. ಅದು ಕಸ ಸೋಸಿ ಇಳಿದ ನೀರು, ಅಷ್ಟೇ. ಧಾರಾಳವಾಗಿ ಬರುತ್ತಿದ್ದರೆ ತೊಟ್ಟಿ ತೀರಾ ಒದ್ದೆ ಎಂದರ್ಥ. ನಾತ ಬಂದರೆ ಗಿಡಕ್ಕೆ ಹಾಕದೆ ಗುಡ್ಡೆಗೆ ಸುರಿಯಿರಿ.

ಹುಳುಗಳು ತಾವೇ ಮೇಲಿನ ಟ್ರೇಗೆ ಹೋಗುತ್ತವೆ ಎಂಬುದು ಅರ್ಧ ಸತ್ಯ. ಮೇಲಿನ ಟ್ರೇಯ ತಳ ಕೆಳಗಿನ ಗೊಬ್ಬರಕ್ಕೆ ತಾಗಿರಬೇಕು, ನಡುವೆ ಎರಡು ಬೆರಳು ಸಂದಿದ್ದರೂ ಬಹಳಷ್ಟು ಅಲ್ಲೇ ಉಳಿಯುತ್ತವೆ. ಉಳಿದವನ್ನು ಬೇರ್ಪಡಿಸಲು ಗೊಬ್ಬರವನ್ನು ಬೆಳಕಿನಲ್ಲಿ ಸಣ್ಣ ಗುಪ್ಪೆ ಮಾಡಿ, ಹತ್ತು ನಿಮಿಷಕ್ಕೊಮ್ಮೆ ಮೇಲ್ಪದರ ತೆಗೆಯುತ್ತ ಬನ್ನಿ, ಹುಳು ತಳಕ್ಕಿಳಿಯುತ್ತವೆ. ಬೇಸರದ ಕೆಲಸ.

ಗುಡ್ಡೆಗೆ ಇಷ್ಟು ನಾಜೂಕಿಲ್ಲ, ಆದರೆ ಜಾಗ ಬೇಕು. ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರದಿದ್ದರೆ ಕಾವು ನಿಲ್ಲುವುದು ಕಷ್ಟ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು-ಮೂರು ಬುಟ್ಟಿ ತರಗೆಲೆ. ನಡುಭಾಗ 55ರಿಂದ 65 ಡಿಗ್ರಿಗೆ ಏರಿ, ಇಳಿಯತೊಡಗಿದಾಗ ಮಗುಚಬೇಕು. ಅಮೋನಿಯದ ಘಾಟು ಬಂದರೆ ಹಸಿ ಹೆಚ್ಚಾಗಿದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು. ಈ ಕಾವಿನಲ್ಲಿ ಕಳೆಯ ಬೀಜ ಬಹುಪಾಲು ಸಾಯುತ್ತದೆ. ಎರೆಗೊಬ್ಬರಕ್ಕೆ ಆ ಶಕ್ತಿಯಿಲ್ಲ, ಅದನ್ನು ಹಾಕಿದ ಕುಂಡದಲ್ಲಿ ಟೊಮೆಟೊ ತಾನಾಗಿ ಮೊಳೆಯುವುದು ಇದಕ್ಕೇ. ಬೀಜ ಕಟ್ಟಿದ ಕಳೆಯನ್ನು ತೊಟ್ಟಿಗೆ ಹಾಕಲೇಬೇಡಿ.

ಎರೆಗೊಬ್ಬರ ಕುಂಡದ ಮಣ್ಣಿಗೆ ಹತ್ತರಲ್ಲಿ ಒಂದೆರಡು ಪಾಲು ಸಾಕು. ಪಾತಿಗೆ ಹರಡುವಷ್ಟು ಅದರಿಂದ ಎಂದೂ ಸಿಗದು. ಅದಕ್ಕೆ ಗುಡ್ಡೆಯದೇ ಬೇಕು. ಎರಡೂ ಇದ್ದವರು ಗುಡ್ಡೆಯಲ್ಲಿ ಎರಡು ವಾರ ಬೆಂದು ಪೂರ್ತಿ ತಣಿದದ್ದನ್ನು ಹುಳುವಿಗೆ ಹಾಕಿದರೆ ತೊಟ್ಟಿ ಬಿಸಿಯೇರುವ ಭಯವಿಲ್ಲ. ಸಗಣಿಗೂ ಇದೇ ಕ್ರಮ. ಆದರೆ ಜಂತುಹುಳುವಿನ ಔಷಧಿ ಹಾಕಿಸಿಕೊಂಡ ದನದ್ದಾದರೆ, ಕೆಲವು ವಾರ ಅದರ ಸಗಣಿ ತೊಟ್ಟಿಗೆ ಬೇಡ.