ಚುಕ್ಕು ಕಾಪಿ ಪುಡಿ, ಕಷಾಯ ಪುಡಿ, ಜೇನು: ಕಾಸರಗೋಡಿನ ಅಂಗಡಿಗಳಲ್ಲಿ ಶೀತಕ್ಕೆಂದು ಸಿಗುವ ಮದ್ದುಗಳಲ್ಲಿ ದುಡ್ಡಿಗೆ ತಕ್ಕದ್ದು ಯಾವುದು?

ಮಳೆಗಾಲ ಹಿಡಿದ ಕೂಡಲೇ ಮಂಜೇಶ್ವರದಿಂದ ಕಾಸರಗೋಡಿನವರೆಗೆ, ಒಳಗೆ ಬದಿಯಡ್ಕ, ಮುಳ್ಳೇರಿಯದ ಕಡೆಯೂ ಅಂಗಡಿಗಳ ಎದುರು ಸಾಲಿಗೆ ಚುಕ್ಕು ಕಾಪಿ (ಒಣ ಶುಂಠಿಯ ಕಾಪಿ) ಪುಡಿ, ಕಷಾಯ ಪುಡಿಯ ಪ್ಯಾಕೆಟುಗಳು ಬಂದು ಕೂರುತ್ತವೆ. ಅವುಗಳ ಜೊತೆ ಜೇನು, ರಾಸ್ನಾದಿ ಚೂರ್ಣ, ಹಬೆ ಯಂತ್ರ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮದ್ದಿನ ಸಾಮಾನಿನ ಅಂಗಡಿಯಲ್ಲಿ ಇಡಿಯಾಗಿ ಸಿಗುವ ಒಣ ಶುಂಠಿ, ಒಳ್ಳೆಮೆಣಸು (ಕಾಳುಮೆಣಸು), ಕೊತ್ತಂಬರಿ, ಓಲೆಬೆಲ್ಲ (ತಾಳೆಬೆಲ್ಲ) ಕೊಳ್ಳಿ. ಚುಕ್ಕು ಕಾಪಿ ಪ್ಯಾಕೆಟನ್ನು ಹಿಂಬದಿ ಓದಿದ ಮೇಲೆ ಮಾತ್ರ ಕೊಳ್ಳಿ. ‘ರೋಗನಿರೋಧಕ ಶಕ್ತಿ’ ಎಂದು ದೊಡ್ಡದಾಗಿ ಅಚ್ಚುಹಾಕಿದ ಕಷಾಯ ಪುಡಿಗೆ ಹೆಚ್ಚಿನ ದುಡ್ಡು ಕೊಡಬೇಡಿ.

ಇವುಗಳಿಂದ ಏನನ್ನು ನಿರೀಕ್ಷಿಸಬಹುದು ಎಂಬುದೂ ತಿಳಿದಿರಲಿ. ಶೀತ ಬರುವುದು ವೈರಸ್‌ನಿಂದ. ಯಾವ ಕಷಾಯವೂ ಅದನ್ನು ಕೊಲ್ಲುವುದಿಲ್ಲ, ಸಾಮಾನ್ಯ ಶೀತ ವಾರ-ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಬಿಸಿಬಿಸಿ ಕಷಾಯದಿಂದ ಗಂಟಲಿನ ಉರಿ ತಗ್ಗುತ್ತದೆ, ಮೂಗು ಸ್ವಲ್ಪ ಸಡಿಲವಾಗುತ್ತದೆ, ಬಾಯಿಗೆ ಏನೂ ಸೇರದವರ ಹೊಟ್ಟೆಗೆ ನಾಲ್ಕು ಲೋಟ ನೀರಾದರೂ ಹೋಗುತ್ತದೆ. ಇಷ್ಟೇ ಆದರೂ ಇದು ಸಣ್ಣ ಉಪಕಾರವಲ್ಲ. ಇಷ್ಟನ್ನೇ ಕೊಡುವ ವಸ್ತುವಿಗೆ ಎಷ್ಟು ಬೆಲೆ ತೆರಬೇಕು ಎಂಬುದಷ್ಟೇ ಪ್ರಶ್ನೆ.

ಚುಕ್ಕು ಕಾಪಿ ಪ್ಯಾಕೆಟಿನಿಂದಲೇ ಶುರುಮಾಡೋಣ. ಕನ್ನಡ ಓದುವವರಿಗೆ ಇಲ್ಲಿ ಮೊದಲ ತೊಡಕು ಲೇಬಲ್. ಹೆಚ್ಚಿನವುಗಳಲ್ಲಿ ಮಲಯಾಳ ಮತ್ತು ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆಯಿಲ್ಲ. ಇಷ್ಟೊಂದು ಕನ್ನಡದವರಿರುವ ತಾಲೂಕುಗಳಲ್ಲಿ ಮಾರುವ ಮದ್ದಿನ ಮೇಲೆ ನಾಲ್ಕು ಸಾಲು ಕನ್ನಡ ಇರಬೇಕಾದ್ದು ನ್ಯಾಯ. ಅದು ಬರುವವರೆಗೆ ಕೆಲವು ಹೆಸರುಗಳನ್ನು ನೆನಪಿಟ್ಟುಕೊಂಡರೆ ಸಾಕು. ಚುಕ್ಕು ಎಂದರೆ ಒಣ ಶುಂಠಿ, ಕುರುಮುಳಗ್ ಒಳ್ಳೆಮೆಣಸು, ತಿಪ್ಪಲಿ ನಮ್ಮ ಹಿಪ್ಪಲಿ, ಮಲ್ಲಿ ಕೊತ್ತಂಬರಿ, ಉಲುವ ಮೆಂತೆ. ಜೀರಗಂ ಜೀರಿಗೆಯೇ, ಆದರೆ ಪೆರುಂಜೀರಗಂ ಎಂದಿದ್ದರೆ ಅದು ಬಡೇಸೋಪು. ಆಡಲೋಡಗಂ ಆಡುಸೋಗೆ, ಇರಟ್ಟಿಮಧುರಂ ಜ್ಯೇಷ್ಠಮಧು, ಪನಿಕೂರ್ಕ ಸಾಂಬಾರಬಳ್ಳಿ. ತಪ್ಪು ತಿಳಿಯುವುದು ಹೆಚ್ಚಾಗಿ ‘ಶರ್ಕರ’ ಎಂಬಲ್ಲಿ. ಮಲಯಾಳದಲ್ಲಿ ಅದು ಬೆಲ್ಲ, ಸಕ್ಕರೆಗೆ ಅವರು ಹೇಳುವುದು ಪಂಜಸಾರ. ತಾಳೆಬೆಲ್ಲವಾದರೆ ಕರಿಪ್ಪಟ್ಟಿ ಎಂದೇ ಇರಬೇಕು. ಮುಂದೆ ದೊಡ್ಡ ಅಕ್ಷರದಲ್ಲಿ ಕರಿಪ್ಪಟ್ಟಿ ಎಂದು ಬರೆದು ಹಿಂದೆ ಸಣ್ಣ ಅಕ್ಷರದಲ್ಲಿ ಶರ್ಕರ, ಪಂಜಸಾರ ಎಂದಿರುವ ಪ್ಯಾಕೆಟನ್ನು ಅಲ್ಲೇ ಇಟ್ಟು ಬನ್ನಿ.

ಇನ್ನೊಂದು ಕಣ್ಣು ಅನುಕ್ರಮದ ಮೇಲಿರಲಿ. ಆಹಾರದ ಪ್ಯಾಕೆಟಿನಲ್ಲಿ ಸಾಮಗ್ರಿಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯದಕ್ಕೆ ಬರೆಯಬೇಕೆಂಬುದು ನಿಯಮ. ಮೊದಲ ಹೆಸರೇ ಬೆಲ್ಲವಾಗಿ ಚುಕ್ಕು ಮೂರನೆಯದೋ ನಾಲ್ಕನೆಯದೋ ಆಗಿದ್ದರೆ, ನೀವು ಶುಂಠಿಯ ಬೆಲೆಗೆ ಬೆಲ್ಲ ಕೊಂಡಂತಾಯಿತು. ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ, ತಯಾರಾದ ದಿನಾಂಕ ಎರಡೂ ಇರಲೇಬೇಕು. ಅವಿಲ್ಲದೆ ಬರಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೇಣದಬತ್ತಿಗೆ ಹಿಡಿದು ಅಂಟಿಸಿದ ಪುಡಿ ಬೇಡ.

ಇನ್ನು ಪುಡಿಯ ಗುಣ. ಒಂದು ಚಮಚ ಚುಕ್ಕು ಕಾಪಿ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ 5 ನಿಮಿಷ ಕುದಿಸಿ, ಗಾಜಿನ ಲೋಟಕ್ಕೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ. ಮೇಲೆ ಕಂದು ಬಣ್ಣದ ತಿಳಿ, ತಳದಲ್ಲಿ ಬೆರಳಗಲ ಲೋಳೆಯಂಥ ಗಷ್ಟು. ಗಷ್ಟು ಕಂಡು ಕಲಬೆರಕೆ ಎಂದುಕೊಳ್ಳಬೇಕಿಲ್ಲ. ಒಣ ಶುಂಠಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಿಟ್ಟಿನ ಅಂಶವೇ ಇರುವುದರಿಂದ, ನುಣ್ಣಗೆ ಪುಡಿಯಾದದ್ದು ಬಿಸಿನೀರಿನಲ್ಲಿ ಗಂಜಿಯಂತೆ ಬೇಯುತ್ತದೆ. ಸೋಸಲು ಹೋದರೆ ಜರಡಿ ಕಟ್ಟುತ್ತದೆ, ಸೋಸದೆ ಕುಡಿದರೆ ಕೆರೆಯುವ ಗಂಟಲಿಗೆ ಅಂಟುತ್ತದೆ. ಜಜ್ಜಿದ ಶುಂಠಿಯಲ್ಲಿ ಈ ಕಾಟವಿಲ್ಲ. ಪುಡಿಯ ಮತ್ತೊಂದು ದೋಷ, ಘಮ ಬೇಗ ಹಾರಿಹೋಗುವುದು. ಜೊತೆಗೆ ಬೆಲ್ಲ ಬೆರೆಸಿದ ಪುಡಿ ನಮ್ಮ ಮಳೆಗಾಲದ ಹವೆಗೆ ಒಡೆದ ವಾರದೊಳಗೆ ಕಲ್ಲಾಗುತ್ತದೆ. ಕೊಂಡದ್ದಾದರೆ ಸ್ಟೀಲ್ ಡಬ್ಬಿಗೆ ಸುರಿದು ಬಿಗಿಯಾಗಿ ಮುಚ್ಚಿ, ಒಣ ಚಮಚ ಮಾತ್ರ ಹಾಕಿ.

ಕಷಾಯ ಪುಡಿಗಳಲ್ಲಿ ಹಲವು 2020ರಲ್ಲಿ ಆಯುಷ್ ಸಚಿವಾಲಯ ಹೇಳಿದ ಲೆಕ್ಕವನ್ನೇ ಹಿಡಿದಂಥವು: ತುಳಸಿ 4 ಭಾಗ, ದಾಲ್ಚೀನಿ 2, ಒಣ ಶುಂಠಿ 2, ಒಳ್ಳೆಮೆಣಸು 1. ಇದರಲ್ಲಿ 3 ಗ್ರಾಂ ಪುಡಿಗೆ 150 ಮಿ.ಲೀ. ಕುದಿನೀರು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅಂಗಳದ ಕಟ್ಟೆಯಲ್ಲೇ ಇರುವ ತುಳಸಿಯನ್ನು ಒಣಗಿಸಿ ಪುಡಿಮಾಡಿದರೆ ಉಳಿಯುವುದು ಹುಲ್ಲಿನ ವಾಸನೆ. ದಾಲ್ಚೀನಿ ಎಂದು ಹಾಕುವುದು ಬಹುಪಾಲು ದಪ್ಪ ಚಕ್ಕೆಯ ಕೇಸಿಯಾ. ನಿಜವಾದ ದಾಲ್ಚೀನಿ ಕಾಗದದಷ್ಟು ತೆಳ್ಳಗೆ, ಸುರುಳಿಯೊಳಗೆ ಸುರುಳಿಯಾಗಿ ಇರುತ್ತದೆ. ಕೇಸಿಯಾದಲ್ಲಿರುವ ಕೂಮರಿನ್ ಎಂಬ ರಾಸಾಯನಿಕ ಹೆಚ್ಚಾದರೆ ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲ, ಹಾಗಾಗಿ ತಿಂಗಳುಗಟ್ಟಲೆ ದಿನಾ ಕುಡಿಯುವ ಅಭ್ಯಾಸ ಬೇಡ. ಅಮೃತಬಳ್ಳಿ ಸೇರಿಸಿದ ಪುಡಿಗಂತೂ ಇನ್ನಷ್ಟು ಎಚ್ಚರ ಬೇಕು. ಅಮೃತಬಳ್ಳಿ ಸೇವಿಸಿದವರಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟಾದ ಪ್ರಕರಣಗಳನ್ನು 2021ರಲ್ಲಿ ಮುಂಬೈಯ ವೈದ್ಯರು ದಾಖಲಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನಾಲ್ಕು ದಿನದ ಶೀತಕ್ಕೆ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವೇ ಇಲ್ಲ.

ಹಾಗಾದರೆ ಮದ್ದಿನ ಸಾಮಾನಿನ ಅಂಗಡಿಗೆ ಹೋಗಿ. ಗೋಣಿ, ಡಬ್ಬಿಗಳ ನಡುವೆ ತಕ್ಕಡಿ ಇಟ್ಟುಕೊಂಡು 50 ಗ್ರಾಂ ಕೇಳಿದರೂ ಕಟ್ಟಿಕೊಡುವ ಅಂಗಡಿಗಳು ಪೇಟೆಗಳಲ್ಲಿ ಇನ್ನೂ ಇವೆ. ಶುಂಠಿಯನ್ನು ಕೈಯಲ್ಲಿ ಹಿಡಿದು ಮುರಿದು ನೋಡಲು ಕೇಳಿ, ಒಳ್ಳೆಯ ಅಂಗಡಿಯವರು ಬೇಡವೆನ್ನುವುದಿಲ್ಲ. ಚೆನ್ನಾಗಿ ಒಣಗಿದ್ದು ಟಕ್ ಎಂದು ಮುರಿಯುತ್ತದೆ, ಒಳಗೆ ತಿಳಿ ಹಳದಿ, ನಾರು ಕಡಿಮೆ, ಮೂಗಿನ ಬಳಿ ಹಿಡಿದರೆ ನಿಂಬೆಯ ಹಾಗೆ ಒಂದು ಘಮ. ಬಾಗಿದರೆ ಹಸಿ ಉಳಿದಿದೆ ಎಂದರ್ಥ, ಅದಕ್ಕೆ ಬೂಸಲು ಬರುತ್ತದೆ. ಸೂಜಿ ಚುಚ್ಚಿದಂಥ ತೂತುಗಳಿದ್ದು ಕೆಳಗೆ ಹುಡಿ ಉದುರಿದರೆ ಕುಟ್ಟೆ ಹಿಡಿದ ಮಾಲು. ಬೆಳ್ಳಗೆ ಸುಣ್ಣ ಬಳಿದಂತೆ ಕಾಣುವುದಕ್ಕೆ ನಿಜವಾಗಿಯೂ ಸುಣ್ಣದ ನೀರು ತಾಗಿಸಿರುತ್ತಾರೆ. ಹುಳ ಬಾರದಿರಲಿ, ನೋಟ ಚೆನ್ನಾಗಿರಲಿ ಎಂದು ಮಾಡುವ ಕೆಲಸ ಅದು. ಮಣ್ಣುಬಣ್ಣದ ಸಿಪ್ಪೆಯಿರುವುದನ್ನೇ ಆರಿಸಿ, ತೊಳೆದು ಒಂದು ದಿನ ಬಿಸಿಲಿಗೆ ಹಾಕಿ. ಹಸಿ ಶುಂಠಿಗಿಂತ ಒಣ ಶುಂಠಿಯ ಖಾರ ಗಂಟಲಿಗೆ ಹೆಚ್ಚು ತಾಗುವುದಕ್ಕೂ ಕಾರಣವಿದೆ. ಒಣಗುವಾಗ ಶುಂಠಿಯ ಖಾರದ ಅಂಶವಾದ ಜಿಂಜರಾಲ್‌ನ ಒಂದು ಭಾಗ ಶೋಗಾಲ್ ಆಗಿ ಮಾರ್ಪಡುತ್ತದೆ, ಅದರ ಖಾರ ಜಾಸ್ತಿ.

ಒಳ್ಳೆಮೆಣಸು ಮನೆಯ ಬಳ್ಳಿಯದಾದರೆ ಸರಿ. ಪೇಟೆಯದ್ದಾದರೆ ಒಂದು ಮುಷ್ಟಿಯಷ್ಟನ್ನು ನೀರಿಗೆ ಹಾಕಿ, ಬಲಿತ ಕಾಳು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲುವುದರಿಂದ ತೇಲಿದ್ದನ್ನು ಜಗಿದು ನೋಡಿ, ಖಾರವಿಲ್ಲದಿದ್ದರೆ ಬೀಜ. ಅತಿಯಾಗಿ ಹೊಳೆಯುವ, ಸೀಮೆಎಣ್ಣೆಯ ವಾಸನೆಯ ಮೆಣಸು ಬೇಡವೇ ಬೇಡ.

ಮೂವರಿಗೆ ಒಂದು ಹೊತ್ತಿಗೆ ಆಗುವ ಲೆಕ್ಕ ಹೀಗೆ: 3 ಲೋಟ (600 ಮಿ.ಲೀ.) ನೀರು, ಹೆಬ್ಬೆರಳಿನ ತುದಿಗೆಣ್ಣಿನಷ್ಟು ಒಣ ಶುಂಠಿ (ಸುಮಾರು 5 ಗ್ರಾಂ), 10 ಕಾಳು ಒಳ್ಳೆಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, 25 ಗ್ರಾಂ ಓಲೆಬೆಲ್ಲ. ಶುಂಠಿ, ಮೆಣಸನ್ನು ಕಲ್ಲಿನಲ್ಲಿ ಜಜ್ಜಿ, ತರಿ ಉಳಿಯಬೇಕು. ಕೊತ್ತಂಬರಿ, ಜೀರಿಗೆಯನ್ನು ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿಯಿರಿ, ಕಪ್ಪಾದರೆ ಕಹಿ. ಎಲ್ಲವನ್ನೂ ತಣ್ಣೀರಿಗೆ ಹಾಕಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಕುದಿಸಿ, ಎರಡೂವರೆ ಲೋಟಕ್ಕೆ ಇಳಿಯಲಿ. ಬೆಲ್ಲ ಕರಗಿದ ಮೇಲೆ ಒಲೆ ಆರಿಸಿ, ಆಮೇಲೆ 8-10 ತುಳಸಿ ಎಲೆ, ಒಂದೆರಡು ಸಾಂಬಾರಬಳ್ಳಿ ಎಲೆ ಹಿಚುಕಿ ಹಾಕಿ 5 ನಿಮಿಷ ಮುಚ್ಚಿಡಿ. ಎಲೆಯನ್ನು ಮೊದಲೇ ಕುದಿಸಿದರೆ ಅದರ ಎಣ್ಣೆ ಹಬೆಯೊಂದಿಗೆ ಹೋಗುತ್ತದೆ, ನಿಮಗೆ ಸಿಗುವುದು ಸೊಪ್ಪು ಬೇಯಿಸಿದ ನೀರು. ಚುಕ್ಕು ಕಾಪಿಯೇ ಬೇಕೆಂದರೆ ಒಲೆ ಆರಿಸುವ ಹೊತ್ತಿಗೆ ಅರ್ಧ ಚಮಚ ಕಾಪಿ ಪುಡಿ ಹಾಕಿ, ರಾತ್ರಿ ಮಲಗುವ ಮುಂಚೆಯಾದರೆ ಅದನ್ನು ಬಿಡಿ. ಹಾಲು ಹಾಕಿದಾಗ ಒಡೆಯುತ್ತದೆ ಎಂಬ ದೂರಿಗೆ ಕಾರಣ ಹಸಿ ಶುಂಠಿ ಅಥವಾ ಹುಳಿ ಬೆಲ್ಲ. ಹಸಿ ಶುಂಠಿಯ ಕಿಣ್ವ ಹಾಲನ್ನು ಹೆಪ್ಪುಗಟ್ಟಿಸುತ್ತದೆ, ಶುಂಠಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ ಆಮೇಲೆ ಹಾಲು ಸೇರಿಸಿದರೆ ಆ ಕಿಣ್ವ ಉಳಿದಿರುವುದಿಲ್ಲ.

ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಲೋಟ ಸಾಕು. ಮೆಣಸು ಹೆಚ್ಚಾದರೆ ಎದೆ ಉರಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಓಲೆಬೆಲ್ಲವೂ ಸಕ್ಕರೆಯೇ. ಜ್ಯೇಷ್ಠಮಧು ಸೇರಿದ ಪುಡಿ ರಕ್ತದೊತ್ತಡದವರಿಗೆ ಆಗದು, ಆಡುಸೋಗೆ ಬಸುರಿಯರಿಗೆ ಬೇಡ.

ಜೇನಿನ ವಿಷಯದಲ್ಲಿ ನಿಸ್ಸಂಕೋಚವಾಗಿ ಒಳ್ಳೆಯ ಮಾತು ಹೇಳಬಹುದು. ರಾತ್ರಿಯ ಕೆಮ್ಮಿಗೆ ಮಲಗುವ ಮುನ್ನ ಅರ್ಧದಿಂದ ಒಂದು ಚಮಚ ಜೇನು ಕೊಟ್ಟರೆ ಮಕ್ಕಳಿಗೆ ಹಿತವಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಅಧ್ಯಯನಗಳ ಆಧಾರವಿದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಬೆರಳಲ್ಲಿ ನೆಕ್ಕಿಸುವುದೂ ಕೂಡದು, ಬಾಟ್ಯುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆಯ ಭಯವಿದೆ. ಮುಜಂಟಿ (ಕುಟುಕದ ಸಣ್ಣ ನೊಣದ) ಜೇನಿಗೆ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನೊಣದ) ಜೇನಿಗಿಂತ ಎಷ್ಟೋ ಪಟ್ಟು ಬೆಲೆ, ಆದರೆ ಕೆಮ್ಮಿಗೆ ತುಡುವೆಯೇ ಸಾಕು. ಬಾಟಲಿಯ ತಳದಲ್ಲಿ ಹರಳುಗಟ್ಟಿದರೆ ಸಕ್ಕರೆ ಪಾಕ ಬೆರೆಸಿದ್ದಾರೆಂದು ಅಂಗಡಿಯವರೊಂದಿಗೆ ಜಗಳಕ್ಕೆ ಹೋಗಬೇಡಿ. ಕೇರಳದ ಜೇನಿನಲ್ಲಿ ದೊಡ್ಡ ಪಾಲು ರಬ್ಬರ್ ತೋಟದ್ದು, ಅದು ಬೇಗ ಹರಳುಗಟ್ಟುವ ಜಾತಿ. ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಕರಗುತ್ತದೆ.

ರಾಸ್ನಾದಿ ಚೂರ್ಣ ಮಿಂದ ಮೇಲೆ ನೆತ್ತಿಗೆ ತಿಕ್ಕುವಂಥದ್ದು, ಒಂದು ಚಿಟಿಕೆ ಸಾಕು. ಸಣ್ಣ ಡಬ್ಬಿ ಕೊಳ್ಳಿ. ಅದೇ ಹೆಸರಿನಂತೆ ಕೇಳುವ ರಾಸ್ನೈರಂಡಾದಿ ಕಷಾಯ ಗಂಟುನೋವಿನದ್ದು, ಅಂಗಡಿಯಲ್ಲಿ ಗಡಿಬಿಡಿಯಿಂದ ಕೇಳುವಾಗ ಅದು ಕೈಗೆ ಬರದ ಹಾಗೆ ನೋಡಿಕೊಳ್ಳಿ. ಹಬೆ ಯಂತ್ರಕ್ಕೆ ದುಡ್ಡು ಹಾಕುವುದು ಬೇಡ ಎಂಬುದೇ ನಮ್ಮ ಸಲಹೆ. ಹಬೆಯಿಂದ ಶೀತ ಬೇಗ ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಕುದಿನೀರು ಚೆಲ್ಲಿ ಸುಟ್ಟುಕೊಳ್ಳುವ ಮಕ್ಕಳು ಮಾತ್ರ ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಮೂಗು ಕಟ್ಟಿದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ ಕೆಲವು ಹನಿ ಮೂಗಿಗೆ ಬಿಡಿ, ಮರುದಿನಕ್ಕೆ ಹೊಸದಾಗಿ ಮಾಡಿ.

ಮೇಲಿನ ಎಲ್ಲವೂ ಶೀತಕ್ಕೆ. ನಮ್ಮ ಕಡೆ ಮಳೆಗಾಲದ ಜ್ವರವೆಲ್ಲ ಶೀತಜ್ವರವಲ್ಲ. ಗದ್ದೆ, ಅಡಿಕೆ ತೋಟದ ಕೆಸರುನೀರಿನಲ್ಲಿ ಕೆಲಸ ಮಾಡಿದವರಿಗೆ ಜೋರು ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಆದರೆ ಅದು ಇಲಿಜ್ವರ ಇರಬಹುದು. ಮೂಗು ಸೋರದೆ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಮುರಿತ ಇದ್ದರೆ ಡೆಂಗಿ ಇರಬಹುದು, ಅಂಥ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೇನ್ ನುಂಗಬೇಡಿ. ಉಸಿರಾಟಕ್ಕೆ ಕಷ್ಟವಾದರೆ, ಮೂರು ದಿನಕ್ಕೂ ಜ್ವರ ಇಳಿಯದಿದ್ದರೆ, ಮಗು ಹಾಲು ಕುಡಿಯದೆ ಮಂಕಾಗಿ ಮಲಗಿದ್ದರೆ ಒಲೆಯ ಮೇಲಿನ ಕಷಾಯವನ್ನು ಅಲ್ಲೇ ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.