ಅಜ್ಜಿಯ ಜೊತೆ ಖೋಪೋಲಿ ಪಾರ್ಕಿಗೆ: ದೊಡ್ಡ ವೀಲ್‌ಚೇರಾ, ಚಿಕ್ಕದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚಿಕ್ಕ ಚಕ್ರದ ವೀಲ್‌ಚೇರ್‌ಗೆ. ಖೋಪೋಲಿಯ ಇಮ್ಯಾಜಿಕಾ ಥೀಮ್ ಪಾರ್ಕಿಗೆ ಅಜ್ಜಿಯನ್ನು ಮೊದಲು ಕರೆದುಕೊಂಡು ಹೋದಾಗ ದೊಡ್ಡದನ್ನು ಬಾಡಿಗೆಗೆ ತಂದಿದ್ದೆವು. ಆಮೇಲೆ ಚಿಕ್ಕದನ್ನು ಕೊಂಡೆವು.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಇಲ್ಲಿ ಅಜ್ಜಿ ಗಲ್ಲಿ ಮೂಲೆಯ ಹಾಲಿನ ಅಂಗಡಿವರೆಗೆ ತಾವೇ ಹೋಗಿಬರುತ್ತಾರೆ. "ನಾ ಏನ್ ಕುಂಟಿ ಏನೋ ತಮ್ಮಾ, ಖುರ್ಚಿ ಯಾಕ ಬೇಕ?" ಅಂತ ಧಾರವಾಡದ ದನಿ ಏರಿಸಿದರು. ಆದರೆ ಪಾರ್ಕ್ ಅಂದರೆ ಬಿಸಿಲು, ಕ್ಯೂ. ಮಂಡಿ ನೋವಿನವರಿಗೆ ನಡೆಯುವುದಕ್ಕಿಂತ ನಿಂತೇ ಇರುವುದು ಜಾಸ್ತಿ ಕಷ್ಟ, ಅಲ್ವಾ?

ದೊಡ್ಡ ಕುರ್ಚಿಯ ತೊಂದರೆ ಪಾರ್ಕಿನಲ್ಲಲ್ಲ, ನಮ್ಮ ಕಟ್ಟಡದ ಕೆಳಗೇ ಶುರುವಾಯಿತು. ಟ್ಯಾಕ್ಸಿ ಬಂತು, ಡಿಕ್ಕಿ ತೆಗೆದರೆ ಒಳಗೆ ಸಿಎನ್‌ಜಿ ಸಿಲಿಂಡರ್. ಮುಂಬೈ ಕಡೆ ಬಾಡಿಗೆ ಕಾರುಗಳಲ್ಲಿ ಇದು ಮಾಮೂಲು. ಉಳಿದ ಜಾಗದಲ್ಲಿ ಎರಡು ಚೀಲ ಹಿಡಿದರೆ ಹೆಚ್ಚು. ದೊಡ್ಡ ಕುರ್ಚಿಯ ಹಿಂದಿನ ಚಕ್ರ 24 ಇಂಚು. ಮಡಚಿದರೆ ಅಗಲ ಕಡಿಮೆಯಾಗುತ್ತದೆ, ಚಕ್ರದ ಎತ್ತರ ಹಾಗೇ ಇರುತ್ತದೆ. ಅಡ್ಡ ಇಟ್ಟೆವು, ಉದ್ದ ಇಟ್ಟೆವು, ಕಾಲಿಡುವ ಪಟ್ಟಿ ಬಿಚ್ಚಿದೆವು. ಬಾಗಿಲು ಮುಚ್ಚಲೇ ಇಲ್ಲ.

ಮೇಲೆ ಕ್ಯಾರಿಯರ್ ಇರಲಿಲ್ಲ. ಡಿಕ್ಕಿ ಅರ್ಧ ತೆಗೆದು ಹಗ್ಗ ಕಟ್ಟೋಣ ಅಂದರೆ, ಎಕ್ಸ್‌ಪ್ರೆಸ್‌ವೇಯಲ್ಲಿ ಹಾಗೆ ಓಡಿಸಲ್ಲ ಅಂದ ಡ್ರೈವರ್. ಅವನು ಹೇಳಿದ್ದು ಸರಿಯೇ. ಕೊನೆಗೆ ಕುರ್ಚಿ ಮುಂದಿನ ಸೀಟಿಗೆ, ಅಪ್ಪ ಹಿಂದಕ್ಕೆ. ಹಿಂದೆ ಅಪ್ಪ, ಅಮ್ಮ, ಅಜ್ಜಿ, ನಾನು. ಹತ್ತಿರದ ಶಿಳ್‌ಫಾಟಾ ಜಂಕ್ಷನ್ ದಾಟುವಷ್ಟರಲ್ಲೇ ಅಜ್ಜಿಗೆ ಕಾಲು ಜೋಮು ಹಿಡಿದಿತ್ತು. ಯಾರ ಮಂಡಿಗಾಗಿ ಇಷ್ಟೆಲ್ಲ ಮಾಡಿದೆವೋ ಅದೇ ಮಂಡಿ ಮಡಚಿಕೊಂಡು ಪ್ರಯಾಣ! ಸಂಜೆ ವಾಪಸ್ ಬರುವಾಗಲೂ ಅದೇ ಕಥೆ.

ಚಿಕ್ಕದರ ಹಿಂದಿನ ಚಕ್ರ 12 ಇಂಚು, ತೂಕ ಸುಮಾರು 10 ಕಿಲೋ. ಬೆನ್ನೊರಗು ಕೂಡ ಮಡಚುತ್ತದೆ. ಸಿಲಿಂಡರ್ ಪಕ್ಕ ನಿಲ್ಲಿಸಿದರೆ ಡಿಕ್ಕಿ ಮುಚ್ಚುತ್ತದೆ.

ತಳ್ಳುವುದರಲ್ಲಿ ಮಾತ್ರ ದೊಡ್ಡದೇ ಮೇಲು. ಇಂಟರ್‌ಲಾಕ್ ಕಲ್ಲಿನ ಮೇಲೆ ಚಿಕ್ಕ ಚಕ್ರ ಗಡಗಡ ಅನ್ನುತ್ತದೆ. ಚರಂಡಿಯ ಕಬ್ಬಿಣದ ಜಾಲರಿ ಬಂದರೆ ಕುರ್ಚಿಯನ್ನು ತಿರುಗಿಸಿ, ಹಿಮ್ಮುಖವಾಗಿ ಎಳೆಯಬೇಕು. ಇಳಿಜಾರಿನಲ್ಲೂ ಹಾಗೇ, ಹಿಮ್ಮುಖವಾಗಿ ಇಳಿಸಿದರೆ ಕೂತವರು ಮುಂದೆ ಜಾರುವುದಿಲ್ಲ. ನಮ್ಮದರಲ್ಲಿ ತಳ್ಳುವವರ ಕೈಗೇ ಬ್ರೇಕ್ ಇದೆ, ಅದನ್ನು ನೋಡಿಯೇ ಕೊಂಡದ್ದು.

ಯಾವ ಕುರ್ಚಿಯಾದರೂ ಸರಿ, ಏಳುವ ಮೊದಲು ಬ್ರೇಕ್ ಹಾಕಿ, ಕಾಲಿನ ಪಟ್ಟಿ ಮೇಲಕ್ಕೆ ಮಡಚಿ. ಪಟ್ಟಿಯ ಮೇಲೆ ಭಾರ ಬಿಟ್ಟು ಎದ್ದರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ರೈಡ್ ಹತ್ತಲು ಕುರ್ಚಿ ಬಿಟ್ಟು ಸೀಟಿಗೆ ಹೋಗಲೇಬೇಕಲ್ಲ, ಅಲ್ಲಿ ಅವಸರ ಬೇಡ. ನೈಟ್ರೋ ರೋಲರ್ ಕೋಸ್ಟರ್ ಹತ್ತುವವರು ಹತ್ತಲಿ, ಒಬ್ಬರು ಅಜ್ಜಿಯ ಜೊತೆ ಕೆಳಗೆ ನೆರಳಲ್ಲಿ ಇರಲೇಬೇಕು.

ಸೀಟಿರುವ ಊರುಗೋಲನ್ನೂ ನೋಡಿದೆವು. ಬೆನ್ನಿಗೆ ಆಸರೆ ಇಲ್ಲ, ಅಜ್ಜಿಗೆ ಭಯ. ಬೇಡ.

ಪಾರ್ಕಿನಲ್ಲಿ ಕುರ್ಚಿ ಸಿಕ್ಕಿದರೂ ಅದು ಗೇಟಿನ ಒಳಗಷ್ಟೇ. ದಾರಿಯ ಫುಡ್ ಮಾಲ್‌ನಲ್ಲಿ ಶೌಚಾಲಯದವರೆಗೆ ಹೋಗಲು, ಪಾರ್ಕಿಂಗ್‌ನಿಂದ ಗೇಟಿಗೆ ಬರಲು ನಮ್ಮದೇ ಬೇಕು.

ಚಿಕ್ಕದಕ್ಕೆ ಕೊಟ್ಟದ್ದು 7,000 ರೂಪಾಯಿ ಆಸುಪಾಸು. ನಮಗೆ ಸ್ವಂತ ಕಾರಿಲ್ಲ, ಮದುವೆ, ಆಸ್ಪತ್ರೆ ಎಲ್ಲದಕ್ಕೂ ಬಾಡಿಗೆ ಗಾಡಿಯೇ. ಈಗ ಕುರ್ಚಿ ಬಾಗಿಲ ಹಿಂದೆ ನಿಂತಿರುತ್ತದೆ, ಕಣ್ಣಿನ ಡಾಕ್ಟರ ಹತ್ತಿರವೂ ಅದರಲ್ಲೇ ಹೋಗುತ್ತೇವೆ. ಖಾಲಿ ಡಿಕ್ಕಿಯ ಸ್ವಂತ ಕಾರಿದ್ದು, ಹಿರಿಯರು ತಾವೇ ಚಕ್ರ ತಿರುಗಿಸಿಕೊಳ್ಳುವಷ್ಟು ಕೈಬಲ ಇದ್ದರೆ ದೊಡ್ಡದನ್ನೇ ತಗೊಳ್ಳಿ. ಬಾಡಿಗೆ ಗಾಡಿಯಾದರೆ, ಬುಕ್ ಮಾಡುವಾಗ ಡ್ರೈವರನ್ನು ಸಿಲಿಂಡರ್ ಎಲ್ಲಿದೆ, ಕ್ಯಾರಿಯರ್ ಇದೆಯಾ ಅಂತ ಕೇಳಿಬಿಡಿ.