ರೋಮ್‌ನಲ್ಲಿ ಊಟಕ್ಕೆ ಕೂರುವ ಮುಂಚೆ ಮೆನುವಿನ ಸಣ್ಣ ಅಕ್ಷರ ಓದಿ

2019ರ ಸೆಪ್ಟೆಂಬರ್. ರೋಮ್‌ನ ಕಾಸ್ತೆಲ್ ಸಂತಾಂಜೆಲೊ ಕೋಟೆಯ ಹತ್ತಿರದ ಒಂದು ಹೋಟೆಲಿನಲ್ಲಿ ಇಬ್ಬರು ಜಪಾನಿ ಪ್ರವಾಸಿಗರು ಮೀನು ಹಾಕಿದ ಸ್ಪಗೆಟಿ ತಿಂದು, ನೀರು ಕುಡಿದು ಬಿಲ್ ಕೇಳಿದರು. ಬಂದದ್ದು 429.80 ಯೂರೋ. ಊಟಕ್ಕೆ 349.80, ಅದರ ಮೇಲೆ ಟಿಪ್ 80. ಆ ಬಿಲ್ಲಿನ ಫೋಟೊ ಇಟಲಿಯ ಪತ್ರಿಕೆಗಳಲ್ಲೆಲ್ಲ ಬಂತು. ಅದಕ್ಕೂ ಮುಂಚೆ, 2018ರ ಆರಂಭದಲ್ಲಿ, ವೆನಿಸ್‌ನ ಸಾನ್ ಮಾರ್ಕೊ ಚೌಕದ ಬಳಿ ನಾಲ್ವರು ಜಪಾನಿ ವಿದ್ಯಾರ್ಥಿಗಳು ಒಂದೇ ಊಟಕ್ಕೆ ಸುಮಾರು 1,100 ಯೂರೋ ತೆತ್ತ ಸುದ್ದಿ ಬಂದಿತ್ತು.

ಇವೆರಡೂ ಸುದ್ದಿಯಾದವು. ನಾಲ್ಕು ಜನರ ಒಂದು ಕುಟುಂಬದಿಂದ ನಲವತ್ತೋ ಅರವತ್ತೋ ಯೂರೋ ಹೆಚ್ಚಿಗೆ ಕಿತ್ತುಕೊಂಡರೆ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಊರಿನಿಂದ ಹೋದವರಿಗೆ ಆಗುವುದು ಹೆಚ್ಚಾಗಿ ಇದೇ. ಹಣಕ್ಕಿಂತ ಬೇಸರದ ಸಂಗತಿ ಎಂದರೆ, ಅಷ್ಟು ದುಡ್ಡು ಕೊಟ್ಟೂ ತಿಂದದ್ದು ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿದ ಫ್ರೀಜರ್ ಊಟ. ಒಳ್ಳೆಯ ರೋಮನ್ ಅಡುಗೆ ಅಲ್ಲಿಂದ ಎರಡು ಮೆಟ್ರೊ ನಿಲ್ದಾಣ ದೂರದಲ್ಲಿ, ಎಷ್ಟೋ ಸಲ ಅದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿರುತ್ತದೆ.

ಮೋಸ ಎಲ್ಲಿ ನಡೆಯುತ್ತದೆ ಎಂದರೆ, ಮೊದಲನೆಯದಾಗಿ ತೂಕದಲ್ಲಿ. ಮೆನುವಿನಲ್ಲಿ ಮೀನಿನ ಹೆಸರಿನ ಮುಂದೆ 7 ಯೂರೋ ಎಂದಿರುತ್ತದೆ. ಪಕ್ಕದಲ್ಲಿ ಸಣ್ಣಗೆ ‘ಅಲ್ಲೆತ್ತೊ’ (all'etto) ಎಂದು ಬರೆದಿರುತ್ತದೆ. ಎತ್ತೊ ಎಂದರೆ 100 ಗ್ರಾಂ. ಇಬ್ಬರಿಗೆಂದು ತರುವ ಇಡೀ ಮೀನು 1.3 ಕಿಲೊ ತೂಗಿದರೆ ಅದೊಂದಕ್ಕೇ 91 ಯೂರೋ ಆಯಿತು. ಬೆಲೆಯ ಜಾಗದಲ್ಲಿ ‘ಎಸ್.ಕ್ಯು.’ (s.q.) ಎಂದಿದ್ದರೆ ಅದೂ ಇದೇ ಲೆಕ್ಕ, ಪ್ರಮಾಣಕ್ಕೆ ತಕ್ಕ ಬೆಲೆ ಎಂದರ್ಥ. ಮೂಳೆಯಿರುವ ದೊಡ್ಡ ಸ್ಟೇಕಿಗೂ ಹೀಗೇ. ತೂಕದ ಮೇಲೆ ಮಾರುವುದು ತಪ್ಪಲ್ಲ, ಒಳ್ಳೆಯ ಮೀನಿನ ಹೋಟೆಲುಗಳಲ್ಲೂ ಅದೇ ಪದ್ಧತಿ. ಆದರೆ ಅಲ್ಲಿ ಹಸಿ ಮೀನನ್ನು ಮೇಜಿಗೆ ತಂದು ತೋರಿಸಿ, ತೂಕ ಹೇಳಿ, ನೀವು ಒಪ್ಪಿದ ಮೇಲೆ ಒಲೆಗೆ ಹಾಕುತ್ತಾರೆ. ತಾವಾಗಿ ಹೇಳದಿದ್ದರೆ ‘ಕ್ವಾಂತೊ ಕೋಸ್ತಾ ಇನ್ ತುತ್ತೊ’, ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ಉತ್ತರ ಅಂಕಿಯಲ್ಲಿ ಬರಬೇಕು. ‘ಚಿಂತೆ ಮಾಡಬೇಡಿ, ನಾನೇ ಒಳ್ಳೆಯದು ಆರಿಸಿ ತರುತ್ತೇನೆ’ ಎಂದರೆ ಆ ಮೀನು ಬೇಡ. ಮೆನುವಿನಲ್ಲಿ ಇಲ್ಲದ, ವೇಟರ್ ಬಾಯಲ್ಲಿ ಮಾತ್ರ ಬರುವ ‘ಇವತ್ತಿನ ಸ್ಪೆಷಲ್’ಗೂ ಬೆಲೆ ಕೇಳಿಯೇ ಹ್ಞೂಂ ಅನ್ನಿ.

ಎರಡನೆಯದು ಬಿಲ್ಲಿನ ಕೆಳಗಿನ ಸಾಲುಗಳು. ಇಟಲಿಯಲ್ಲಿ ‘ಕೊಪೆರ್ತೊ’ ಎಂಬ ತಲೆವಾರು ಶುಲ್ಕವಿದೆ, ಮೇಜಿಗೆ ಕೂತಿದ್ದಕ್ಕೆ, ಸಾಮಾನ್ಯವಾಗಿ 1ರಿಂದ 3 ಯೂರೋ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯದಲ್ಲಿ ಮಾತ್ರ 2006ರ ಕಾನೂನಿನಿಂದ ಇದಕ್ಕೆ ನಿಷೇಧ. ಹಾಗಾಗಿ ರೋಮ್‌ನಲ್ಲಿ ಅದು ‘ಪಾನೆ’, ಅಂದರೆ ಬ್ರೆಡ್, ಎಂಬ ಹೆಸರಲ್ಲಿ ಬರುತ್ತದೆ. ಬ್ರೆಡ್ ಬೇಡವಾದರೆ ಬುಟ್ಟಿ ಇಟ್ಟ ಕೂಡಲೇ ವಾಪಸು ಕೊಡಿ. ಒಂದು ತುಂಡು ಮುರಿದ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ. ಇನ್ನೊಂದು ‘ಸೆರ್ವಿತ್ಸಿಯೊ’, ಶೇಕಡ 10ರಿಂದ 15ರ ಸೇವಾಶುಲ್ಕ. 120 ಯೂರೋ ಊಟಕ್ಕೆ ಶೇ. 15 ಎಂದರೆ 18 ಯೂರೋ. ಇದು ಮೆನುವಿನಲ್ಲಿ ಮೊದಲೇ ಬರೆದಿರಬೇಕು. ಬರೆದಿದ್ದರೆ ಕೊಡಲೇಬೇಕು, ಆದರೆ ಅದರ ಮೇಲೆ ಮತ್ತೆ ಟಿಪ್ ಕೊಡಬೇಕಾಗಿಲ್ಲ. ಇಟಲಿಯಲ್ಲಿ ಟಿಪ್ ಕಡ್ಡಾಯವಲ್ಲ. ‘ಟಿಪ್ ಸೇರಿಲ್ಲ’ ಎಂದು ಬಿಲ್ಲಿನ ಮೇಲೆ ಪೆನ್ನಿನಲ್ಲಿ ಬರೆದು ತಂದರೆ ಅದು ಬರೀ ಒತ್ತಾಯ.

ಇಂಥ ಹೋಟೆಲುಗಳನ್ನು ಹೊರಗಿನಿಂದಲೇ ಗುರುತಿಸಬಹುದು. ತ್ರೇವಿ ಕಾರಂಜಿ, ಪಿಯಾತ್ಸಾ ನವೋನಾ, ವ್ಯಾಟಿಕನ್ ಬಳಿಯ ಬೀದಿಗಳಲ್ಲಿ ಬಾಗಿಲ ಮುಂದೆ ಒಬ್ಬರು ಮೆನು ಹಿಡಿದು ಕರೆಯುತ್ತಿದ್ದರೆ ಮುಂದೆ ನಡೆಯಿರಿ. ಬೆಲೆಪಟ್ಟಿಯನ್ನು ಹೊರಗೆ ತೂಗುಹಾಕಬೇಕೆಂಬ ನಿಯಮವಿದೆ, ಅದಿಲ್ಲದ ಕಡೆ ಕೂರಲೇಬೇಡಿ. ಆರು ಭಾಷೆಯ ಮೆನು, ತಿಂಡಿಗಳ ಬಣ್ಣಗೆಟ್ಟ ಫೋಟೊ, ಒಂದೇ ಪುಟದಲ್ಲಿ ಇಟಲಿಯ ಲಸಾನ್ಯಾ, ಸ್ಪೇನಿನ ಪಯೆಲ್ಲಾ, ಬರ್ಗರ್ ಮೂರೂ ಇದ್ದರೆ ಒಳಗೆ ಅಡುಗೆಯವರಿಗಿಂತ ಫ್ರೀಜರ್ ದೊಡ್ಡದು ಎಂದೇ ತಿಳಿಯಿರಿ. ತಿಂಡಿಯ ಹೆಸರಿನ ಪಕ್ಕ ನಕ್ಷತ್ರದ ಗುರುತು ಇದ್ದರೆ ಅದರಲ್ಲಿ ಫ್ರೋಜನ್ ಪದಾರ್ಥ ಇದೆ ಎಂದರ್ಥ, ವಿವರಣೆ ಪುಟದ ತಳದಲ್ಲಿರುತ್ತದೆ. ಸಿಗಡಿಯ ಪಕ್ಕ ಒಂದು ನಕ್ಷತ್ರವಿದ್ದರೆ ಸರಿ, ಪುಟದ ತುಂಬ ಇದ್ದರೆ ಬೇಡ.

ಹೊತ್ತು ಕೂಡ ಮುಖ್ಯ, ನಮ್ಮವರು ಹೆಚ್ಚು ಸಿಕ್ಕಿಬೀಳುವುದು ಇಲ್ಲೇ. ರೋಮ್‌ನವರ ಹೋಟೆಲುಗಳಲ್ಲಿ ಅಡುಗೆಮನೆ ಮಧ್ಯಾಹ್ನ 12:30ರಿಂದ 2:30ರ ಸುಮಾರಿಗೆ, ಮತ್ತೆ ರಾತ್ರಿ 7:30ರ ನಂತರ ನಡೆಯುತ್ತದೆ. ಬೆಳಿಗ್ಗೆಯಿಂದ ಸುತ್ತಿ ಸಂಜೆ ನಾಲ್ಕೂವರೆಗೆ ಹಸಿದು ಬಂದಾಗ ತೆರೆದಿರುವುದು ಹೆಚ್ಚಾಗಿ ಪ್ರವಾಸಿಗರಿಗೆಂದೇ ಇರುವ ಜಾಗ. ಆ ಹೊತ್ತಿಗೆ ‘ಪಿತ್ಸಾ ಅಲ್ ತಾಲ್ಯೊ’ ಅಂಗಡಿಗೆ ಹೋಗಿ. ದೊಡ್ಡ ತಟ್ಟೆಯಲ್ಲಿ ಬೇಯಿಸಿದ ಪಿತ್ಸಾವನ್ನು ನೀವು ಕೈಯಲ್ಲಿ ತೋರಿಸಿದಷ್ಟು ಅಗಲಕ್ಕೆ ಕತ್ತರಿಸಿ, ತಕ್ಕಡಿಗೆ ಹಾಕಿ, ಬೆಲೆ ಹೇಳುತ್ತಾರೆ. ನೀರಿಗೆ ಬಾಟಲಿ ಇಟ್ಟುಕೊಳ್ಳಿ. ಬೀದಿಬದಿಯ ‘ನಜ಼ೋನೆ’ ನಲ್ಲಿಗಳಲ್ಲಿ ಸದಾ ಹರಿಯುವ ನೀರು ಕುಡಿಯಲು ಯೋಗ್ಯ, ದುಡ್ಡಿಲ್ಲ.

ಒಳ್ಳೆಯ ಊಟ ಬೇಕೆಂದರೆ ಕೊಲೋಸಿಯಮ್‌ನಿಂದ ಮೆಟ್ರೊ ಬಿ ಲೈನಿನಲ್ಲಿ ಎರಡನೆಯ ನಿಲ್ದಾಣ ಪಿರಾಮಿದೆಯಲ್ಲಿ ಇಳಿದು ತೆಸ್ತಾಚ್ಚೊ ಬಡಾವಣೆಗೆ ನಡೆಯಿರಿ. ಹಳೆಯ ಕಸಾಯಿಖಾನೆಯ ಸುತ್ತ ಬೆಳೆದ ಈ ಜಾಗ ರೋಮನ್ ಅಡುಗೆಗೆ ಹೆಸರಾದದ್ದು. ಸಾನ್ ಜೊವಾನ್ನಿ, ಗಾರ್ಬಾತೆಲ್ಲಾ ಕೂಡ ಜನ ವಾಸವಿರುವ ಬಡಾವಣೆಗಳೇ. ಮೊಬೈಲಿನ ಮ್ಯಾಪಿನಲ್ಲಿ ‘ಬೆಸ್ಟ್ ರೆಸ್ಟೋರೆಂಟ್’ ಎಂದು ಹುಡುಕದೆ ‘ತ್ರಾತ್ತೊರಿಯಾ’ (trattoria), ಅಂದರೆ ಸಾದಾ ಊಟದ ಹೋಟೆಲು, ಎಂದು ಹುಡುಕಿ. ನಕ್ಷತ್ರಗಳ ಸರಾಸರಿ ನಂಬಬೇಡಿ. ಅಭಿಪ್ರಾಯಗಳನ್ನು ಹೊಸದರಿಂದ ಜೋಡಿಸಿ, ಇಟಾಲಿಯನ್ನಿನಲ್ಲಿ ಬರೆದವನ್ನು ಅನುವಾದ ಮಾಡಿ ಓದಿ, ಒಂದು ಎರಡು ನಕ್ಷತ್ರದವನ್ನು ಬಿಡದೆ ನೋಡಿ. ಆ ಅಭಿಪ್ರಾಯಗಳೊಳಗಿನ ಹುಡುಕಾಟದಲ್ಲಿ ‘ಕೊಪೆರ್ತೊ’ (coperto), ‘ಸೆರ್ವಿತ್ಸಿಯೊ’ (servizio), ‘ಸ್ಕೊಂತ್ರೀನೊ’ (scontrino, ರಸೀದಿ) ಪದಗಳನ್ನು ಇಟಾಲಿಯನ್ ಕಾಗುಣಿತದಲ್ಲಿ ಹಾಕಿದರೆ ಬಿಲ್ಲಿನ ದೂರುಗಳೆಲ್ಲ ಮೇಲೆ ಬರುತ್ತವೆ. ಒಂದೇ ವೇಟರ್‌ನ ಹೆಸರು ಹೊಗಳುವ ಒಂದೊಂದು ಸಾಲಿನ ಐದು ನಕ್ಷತ್ರಗಳು ಸಾಲಾಗಿ ಕಂಡರೆ, ಅವು ಮೇಜಿನ ಬಳಿ ನಿಂತು ಬರೆಸಿಕೊಂಡವು ಎಂದು ಅನುಮಾನ ಪಡಿ. ಮೆನು ಚಿಕ್ಕದಿದೆಯೇ, ಗುರುವಾರ ಆಲೂಗಡ್ಡೆಯ ಸಣ್ಣ ಉಂಡೆಗಳಾದ ನ್ಯೊಕ್ಕಿ ಇದೆಯೇ (ರೋಮ್‌ನಲ್ಲಿ ಗುರುವಾರ ನ್ಯೊಕ್ಕಿ ಮಾಡುವುದು ಹಳೆಯ ರೂಢಿ), ಕಾರ್ಬೊನಾರಾ ಪಾಸ್ತಾಗೆ ಕ್ರೀಮ್ ಹಾಕದೆ ಮೊಟ್ಟೆ, ಪೆಕೊರೀನೊ ಚೀಸಿನಲ್ಲೇ ಮಾಡುತ್ತಾರೆಯೇ, ಇವನ್ನು ನೋಡಿ.

ಸಸ್ಯಾಹಾರಿಗಳು ಇನ್ನೂ ಹುಷಾರಾಗಿರಬೇಕು, ಇಲ್ಲಿ ಕೆಡುವುದು ದುಡ್ಡು ಮಾತ್ರವಲ್ಲ. ಕಾಚೊ ಎ ಪೇಪೆ ಎಂಬ ಪಾಸ್ತಾಗೆ ಹಾಕುವುದು ಚೀಸು ಮತ್ತು ಕರಿಮೆಣಸು ಅಷ್ಟೇ, ಆದರೆ ಆ ಪೆಕೊರೀನೊ ರೊಮಾನೊ ಚೀಸಿಗೆ ಹಾಲು ಹೆಪ್ಪುಗಟ್ಟಿಸಲು ಬಳಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಪಾರ್ಮಿಜಾನೊ ಚೀಸಿನಲ್ಲಿ ಕರುವಿನದ್ದು. ಕಾಚೊ ಎ ಪೇಪೆಗೆ ರೂಢಿಯಾಗಿ ಬಳಸುವ ತೊನ್ನಾರೆಲ್ಲಿ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ; ಒಣ ಸ್ಪಗೆಟಿಯಲ್ಲಿ ಇರುವುದಿಲ್ಲ. ಕುಂಬಳ ಹೂವಿನ ಬೋಂಡದಂತೆ ಕಾಣುವ ‘ಫಿಯೋರಿ ದಿ ತ್ಸುಕ್ಕಾ’ದ ಒಳಗೆ ಆಂಚೊವಿ ಮೀನು ಸೇರಿಸುತ್ತಾರೆ, ‘ಪುಂತಾರೆಲ್ಲೆ’ ಎಂಬ ಸೊಪ್ಪಿನ ಸಲಾಡಿನಲ್ಲೂ ಅದೇ. ‘ಸುಪ್ಲಿ’ ಎಂಬ ಅನ್ನದ ಉಂಡೆಯ ಸಾಸಿನಲ್ಲಿ ಮಾಂಸ ಇರುವುದು ಸಾಮಾನ್ಯ. ಮಿನೆಸ್ತ್ರೋನೆ ಸೂಪಿಗೆ ಮಾಂಸದ ಸಾರು ಹಾಕಿರಬಹುದು. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು, ಸಾರು ಲೆಕ್ಕಕ್ಕೆ ಬರದೆ ಹೋಗಬಹುದು. ‘ಸೆನ್ತ್ಸಾ ಕಾರ್ನೆ, ಸೆನ್ತ್ಸಾ ಪೆಶೆ, ಸೆನ್ತ್ಸಾ ಬ್ರೋದೊ ದಿ ಕಾರ್ನೆ’ (ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರು ಬೇಡ) ಎಂದು ಬಿಡಿಸಿ ಹೇಳಿ, ಮೊಟ್ಟೆ ಬೇಡದಿದ್ದರೆ ‘ಸೆನ್ತ್ಸಾ ವೊವಾ’ ಸೇರಿಸಿ. ನೆಮ್ಮದಿಯಿಂದ ತಿನ್ನಬಹುದಾದವು: ಚೀಸಿಲ್ಲದೆ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆಯಷ್ಟೇ ಇರುವ ಮರಿನಾರಾ ಪಿತ್ಸಾ, ಬೆಳ್ಳುಳ್ಳಿ ಮತ್ತು ಒಣಮೆಣಸಿನ ಸ್ಪಗೆಟಿ, ಬೆಳ್ಳುಳ್ಳಿ ಒಗ್ಗರಣೆಯ ಚಿಕೋರಿಯಾ ಸೊಪ್ಪು. ಈ ಸೊಪ್ಪು ನಮ್ಮ ನಾಲಿಗೆಗೆ ತುಂಬ ಹತ್ತಿರ.

ಬೇರೆ ದೇಶಗಳಲ್ಲಿ ನಿಯಮ ಬೇರೆ. ಫ್ರಾನ್ಸಿನಲ್ಲಿ ಊಟಕ್ಕೆ ಕೂತವರಿಗೆ ನಲ್ಲಿ ನೀರಿನ ಹೂಜಿ ಉಚಿತ, ‘ಕರಾಫ್ ದೋ’ ಎಂದು ಕೇಳಿ. ಪೋರ್ಚುಗಲ್‌ನಲ್ಲಿ ಕೇಳದೆಯೇ ತಂದಿಡುವ ಬ್ರೆಡ್, ಆಲಿವ್, ಚೀಸು ಮುಟ್ಟಿದರೆ ದುಡ್ಡು, ಮುಟ್ಟದಿದ್ದರೆ ಇಲ್ಲ.

ಕೊನೆಗೆ ಹಣ ಕೊಡುವಾಗ. ಆರ್ಡರ್ ಮಾಡುವ ಮುಂಚೆಯೇ ಮೆನುವಿನ ಎಲ್ಲ ಪುಟಗಳ ಫೋಟೊ ತೆಗೆದಿಡಿ. ಬಿಲ್ಲಿನ ಒಂದೊಂದು ಸಾಲನ್ನೂ ಅದರ ಜೊತೆ ತಾಳೆ ನೋಡಿ; ‘ಊಟ 3’ ಎಂದು ಒಟ್ಟಾಗಿ ಬರೆದಿದ್ದರೆ ಬಿಡಿಸಿ ಬರೆಯಲು ಹೇಳಿ. ಕಾರ್ಡ್ ಯಂತ್ರ ರೂಪಾಯಿಯೋ ಯೂರೋನೋ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಆ ಯಂತ್ರದವರು ಇಟ್ಟಷ್ಟು. ಲೆಕ್ಕ ತಪ್ಪಿದ್ದರೆ ಹಣ ಕೊಡುವ ಮುಂಚೆಯೇ ಹೇಳಿ, ಕಾರ್ಡ್ ಉಜ್ಜಿದ ಮೇಲೆ ವಾಪಸು ಪಡೆಯುವುದು ಕಷ್ಟ. ಮೇಜಿಗೆ ತಂದ ಚೀಟಿ ಎಷ್ಟೋ ಸಲ ತೆರಿಗೆಯ ರಸೀದಿಯೇ ಆಗಿರುವುದಿಲ್ಲ. ‘ಲೊ ಸ್ಕೊಂತ್ರೀನೊ, ಪೆರ್ ಫವೋರೆ’ ಎಂದು ಅಸಲಿ ರಸೀದಿ ಕೇಳಿ ತೆಗೆದುಕೊಳ್ಳಿ. ಕೊಡಲು ಒಪ್ಪದಿದ್ದರೆ ಇಟಲಿಯ ಹಣಕಾಸು ಪೊಲೀಸರಾದ ಗ್ವಾರ್ದಿಯಾ ದಿ ಫಿನಾನ್ಸಾದ ನಂಬರ್ 117.